ಪೇಟೆಯ ನಾಳೆಯ ಲೆಕ್ಕ: ಬೆಂಗಳೂರಿನ ನಡುಭಾಗ ಕಲಿಸಿದ ಹನ್ನೆರಡು ಪಾಠಗಳು

ಊರಿನ ನಡುಭಾಗದಲ್ಲಿ ಇನ್ನಿಪ್ಪತ್ತು ವರ್ಷಕ್ಕೆ ಎಷ್ಟು ಜನ ವಾಸವಿರುತ್ತಾರೆ? ಅವರಿಗೆ ಎಷ್ಟು ಮನೆ ಬೇಕು? ಅಲ್ಲಿ ಎಷ್ಟು ಮಂದಿಗೆ ಕೆಲಸ ಸಿಗುತ್ತದೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವುದು ನನ್ನ ವೃತ್ತಿ. ನೀರಿನ ಕೊಳವೆ ಎಷ್ಟು ದಪ್ಪವಿರಬೇಕು, ಒಳಚರಂಡಿ ಎಷ್ಟು ಹೊರಬೇಕು, ಯಾವ ಶಾಲೆ ಉಳಿಯಬೇಕು, ಬಸ್ಸು ಎಷ್ಟು ಹೊತ್ತಿಗೊಮ್ಮೆ ಬರಬೇಕು ಎಂಬುದೆಲ್ಲ ಕೊನೆಗೆ ಈ ಅಂಕಿಗಳ ಮೇಲೆ ನಿಂತಿರುತ್ತದೆ. ಅಂಕಿ ಅತಿಯಾದರೆ ಜನರ ತೆರಿಗೆ ಹಣ ಬಳಕೆಯಿಲ್ಲದೆ ನೆಲದಡಿ ಕೂರುತ್ತದೆ. ಕಡಿಮೆಯಾದರೆ ಬಾಡಿಗೆ ಮನೆಯ ಹೆಂಗಸರು ಬೆಳಗಿನ ಜಾವ ಕೊಡ ಹಿಡಿದು ಟ್ಯಾಂಕರಿಗೆ ಕಾಯಬೇಕಾಗುತ್ತದೆ.

ಬೆಂಗಳೂರಿನ ನಡುಭಾಗದಲ್ಲಿ ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆ ಇದೆ, ಬ್ರಿಟಿಷರು ಕಟ್ಟಿದ ದಂಡು ಇದೆ, ಇವೆರಡರ ನಡುವೆ ಸರ್ಕಾರಿ ಕಚೇರಿಗಳ ದೊಡ್ಡ ಹರವು ಇದೆ. ಇಲ್ಲಿ ಕೆಲಸ ಮಾಡುತ್ತಾ ನನಗೆ ಗಟ್ಟಿಯಾದ ನಂಬಿಕೆ ಒಂದೇ: ನಡುಭಾಗ ಬೆಳೆಯುವ ರೀತಿಗೂ ನಗರ ಬೆಳೆಯುವ ರೀತಿಗೂ ಹೊಂದಾಣಿಕೆಯಿಲ್ಲ. ಆದ್ದರಿಂದ ನಡುಭಾಗದ ಲೆಕ್ಕವನ್ನು ಅಲ್ಲಿನ ಕಟ್ಟಡಗಳಿಂದ, ಅಲ್ಲಿ ಬಾಳುವವರಿಂದ, ಅಲ್ಲಿ ದುಡಿಯುವವರಿಂದ ಮೇಲಕ್ಕೆ ಕಟ್ಟಬೇಕು. ಯೋಜನಾ ಕಚೇರಿಗಳಿಗೆ ಹೊಸದಾಗಿ ಬರುವ ಯುವಕ ಯುವತಿಯರಿಗಾಗಿ ಈ ಪಾಠಗಳನ್ನು ಬರೆದಿದ್ದೇನೆ.

1. ಮೊದಲು ಗಡಿ ನಿಲ್ಲಲಿ, ಆಮೇಲೆ ಅಂಕಿ

ಸಿಟಿ ಎಂದರೆ ಎಲ್ಲಿಂದ ಎಲ್ಲಿಗೆ? ಸೀರೆ ವ್ಯಾಪಾರಿಗೆ ಅದು ಚಿಕ್ಕಪೇಟೆ. ಗುಮಾಸ್ತರಿಗೆ ವಿಧಾನಸೌಧ, ಕೆ.ಜಿ. ರಸ್ತೆ. ಶಿವಾಜಿನಗರದವರಿಗೆ ರಸೆಲ್ ಮಾರ್ಕೆಟ್ಟು, ಕಮರ್ಷಿಯಲ್ ಸ್ಟ್ರೀಟು. ಎಲ್ಲರ ಮಾತೂ ಸರಿಯೇ. ಆದರೆ ಲೆಕ್ಕಕ್ಕೆ ಒಂದೇ ಗಡಿ ಬೇಕು, ಅದು ಇಪ್ಪತ್ತು ವರ್ಷ ಕದಲಬಾರದು.

ಬೆಂಗಳೂರಿನಲ್ಲಿ ಇದು ದೊಡ್ಡ ತೊಡಕು. ನಗರ ಪುರಸಭೆ ಮತ್ತು ದಂಡು ಪ್ರದೇಶದ ಪುರಸಭೆ ಒಂದಾದದ್ದು 1949ರಲ್ಲಿ. ಅಲ್ಲಿಯವರೆಗೆ ಎರಡಕ್ಕೂ ಬೇರೆ ಬೇರೆ ದಾಖಲೆ. 2001ರ ಜನಗಣತಿಯ ಹೊತ್ತಿಗೆ ಮಹಾನಗರ ಪಾಲಿಕೆಗೆ 100 ವಾರ್ಡು. 2007ರಲ್ಲಿ ಬಿಬಿಎಂಪಿ ಆಗಿ, 2011ರ ಜನಗಣತಿಗೆ 198 ವಾರ್ಡು. 2025ರ ಸೆಪ್ಟೆಂಬರಿನಿಂದ ಐದು ಪಾಲಿಕೆಗಳು, ಮತ್ತೆ ಹೊಸ ವಾರ್ಡುಗಳು. ಎರಡು ಪಟ್ಟಿಯಲ್ಲಿ ವಾರ್ಡಿನ ಹೆಸರು ಒಂದೇ ಇದ್ದರೂ ನೆಲ ಒಂದೇ ಇರುವುದಿಲ್ಲ. ಹೆಸರು ನೋಡಿ ಹೋಲಿಸಿದರೆ ಗಡಿ ಸರಿದದ್ದನ್ನೇ ಜನ ಸರಿದದ್ದೆಂದು ಓದಿಬಿಡುತ್ತೇವೆ.

ಅದಕ್ಕೆ ನಾನು ವಾರ್ಡನ್ನು ಬಿಟ್ಟು, ರಸ್ತೆಗಳು ಸುತ್ತುವರಿದ ಸಣ್ಣ ಸಣ್ಣ ತುಂಡುಗಳನ್ನು ಗುರುತಿಸಿಕೊಳ್ಳುತ್ತೇನೆ. ಹಳೆಯ ವಾರ್ಡಿನ ಜನರನ್ನು ಈ ತುಂಡುಗಳಿಗೆ ಹಂಚುವಾಗ ನೆಲದ ವಿಸ್ತೀರ್ಣ ನೋಡಬಾರದು. ವಾಸದ ಕಟ್ಟಡಗಳ ವಿಸ್ತೀರ್ಣ ನೋಡಬೇಕು. ನೆಲ ನೋಡಿ ಹಂಚಿದರೆ ಕಬ್ಬನ್ ಪಾರ್ಕಿನ ಮರಗಳ ನಡುವೆಯೂ ಸಾವಿರಾರು ಜನ ವಾಸವಿರುವಂತೆ ತೋರುತ್ತದೆ.

2. ನಗರದ ದರವನ್ನು ನಡುಭಾಗಕ್ಕೆ ಅಂಟಿಸಬೇಡಿ

2001ರಿಂದ 2011ರವರೆಗೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65.4 ಲಕ್ಷದಿಂದ 96.2 ಲಕ್ಷಕ್ಕೆ ಏರಿತು. ಹತ್ತು ವರ್ಷದಲ್ಲಿ ಶೇಕಡ 47. ಈ ದರವನ್ನು 30,000 ಜನರಿರುವ ಒಂದು ಹಳೇ ಪೇಟೆಯ ವಾರ್ಡಿಗೆ ಮೂರು ದಶಕ ಹಚ್ಚಿ ನೋಡಿ: 95,000 ಬರುತ್ತದೆ. ಎರಡು ಕೈಗಾಡಿ ಎದುರುಬದುರಾದರೆ ನಿಲ್ಲುವ ಓಣಿಗಳಲ್ಲಿ ಈಗಿನ ಮೂರು ಪಟ್ಟು ಜನ ಎಲ್ಲಿ ಮಲಗಬೇಕು?

ಆ ಬೆಳವಣಿಗೆಯ ಬಹುಪಾಲು ನಡೆದದ್ದು ಹೊರ ಅಂಚಿನಲ್ಲಿ. ಅದೇ ದಶಕದಲ್ಲಿ ಪೇಟೆಯ ಹಲವು ವಾರ್ಡುಗಳಲ್ಲಿ ಜನ ಕಡಿಮೆಯಾದರು, ಇಲ್ಲವೇ ಸಂಖ್ಯೆ ಇದ್ದಲ್ಲೇ ನಿಂತಿತು. ಇದು ಬೆಂಗಳೂರಿಗೆ ಮಾತ್ರ ಸೇರಿದ ಸಂಗತಿಯೂ ಅಲ್ಲ. ಆ ಹತ್ತು ವರ್ಷದಲ್ಲಿ ಮುಂಬೈ ನಗರ ಜಿಲ್ಲೆ 33.4 ಲಕ್ಷದಿಂದ 30.9 ಲಕ್ಷಕ್ಕೆ ಇಳಿಯಿತು. ಕೋಲ್ಕತ್ತ ಜಿಲ್ಲೆ 45.7 ಲಕ್ಷದಿಂದ 45 ಲಕ್ಷಕ್ಕೆ ಬಂತು. ದಿಲ್ಲಿಯ ಕೇಂದ್ರ ಜಿಲ್ಲೆ 6.5 ಲಕ್ಷದಿಂದ 5.8 ಲಕ್ಷಕ್ಕೆ ಕುಗ್ಗಿತು. ಈ ಮೂರೂ ಮಹಾನಗರಗಳು ಒಟ್ಟಾರೆಯಾಗಿ ಬೆಳೆಯುತ್ತಲೇ ಇದ್ದವು.

ಹಾಗೆಂದು ಇಳಿತವನ್ನೇ ಗೆರೆ ಎಳೆದು ಮುಂದುವರಿಸುವುದೂ ತಪ್ಪು. ಏರಿಕೆಗೂ ಇಳಿಕೆಗೂ ಕಾರಣ ಹುಡುಕಬೇಕು. ಆ ಕಾರಣ ಮುಂದೆಯೂ ಉಳಿಯುತ್ತದೆಯೇ ಎಂದು ಕೇಳಿಕೊಳ್ಳಬೇಕು. ಗೆರೆ ಎಳೆಯುವುದು ಆಮೇಲಿನ ಕೆಲಸ.

3. ಮನೆಯಿಂದ ಜನರ ಕಡೆಗೆ ಬನ್ನಿ

ನಡುಭಾಗದಲ್ಲಿ ನಾನು ಹೆಚ್ಚು ನಂಬುವ ಸೂತ್ರ ಬಹಳ ಸರಳ. ವಾಸದ ಮನೆಗಳೆಷ್ಟು, ಅದರಲ್ಲಿ ಜನರಿರುವ ಮನೆಗಳ ಪಾಲೆಷ್ಟು, ಒಂದು ಮನೆಯಲ್ಲಿ ಸರಾಸರಿ ಎಷ್ಟು ಮಂದಿ? ಮೂರನ್ನೂ ಗುಣಿಸಿದರೆ ಜನಸಂಖ್ಯೆ. ಆದರೆ ಆ ಮೂರೂ ಅಂಶಗಳು ಬೇರೆ ಬೇರೆ ದಿಕ್ಕಿಗೆ ಚಲಿಸುತ್ತವೆ ಎಂಬುದನ್ನು ಮರೆಯಬಾರದು.

ಲೆಕ್ಕಕ್ಕೆಂದು ಒಂದು ಪೇಟೆಯನ್ನು ಊಹಿಸಿಕೊಳ್ಳಿ. 5,000 ಮನೆ, ಶೇಕಡ 90ರಲ್ಲಿ ಜನ, ಮನೆಗೆ 4.2 ಮಂದಿ: ಒಟ್ಟು 18,900. ಹತ್ತು ವರ್ಷ ಕಳೆಯಿತು. ಹಳೇ ವಠಾರ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದರು, ಮನೆಗಳು 5,400 ಆದವು. ಆದರೆ ಜನರಿರುವ ಮನೆಗಳು ಶೇಕಡ 85ಕ್ಕೆ ಇಳಿದವು, ಮನೆಗೆ ಸರಾಸರಿ 3.4 ಮಂದಿ ಉಳಿದರು. ಗುಣಿಸಿ ನೋಡಿ: 15,606. ಮನೆ ನಾನೂರು ಹೆಚ್ಚಾದವು, ಜನ ಮೂರು ಸಾವಿರಕ್ಕೂ ಮೀರಿ ಕಡಿಮೆಯಾದರು. ಕ್ರೇನು ನೋಡಿ ಜನ ಹೆಚ್ಚುತ್ತಿದ್ದಾರೆ ಎಂದು ತೀರ್ಮಾನಿಸುವವರಿಗೆ ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸುತ್ತೇನೆ.

ಜನಗಣತಿಯ ಮನೆಪಟ್ಟಿ ಹಂತದಲ್ಲಿ ಪ್ರತಿ ಕಟ್ಟಡ ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ಬರೆದುಕೊಳ್ಳುತ್ತಾರೆ: ವಾಸ, ವಾಸ ಮತ್ತು ಇತರ ಬಳಕೆ, ಅಂಗಡಿ ಅಥವಾ ಕಚೇರಿ, ವಸತಿಗೃಹ, ಕಾರ್ಖಾನೆ, ಖಾಲಿ. ನಡುಭಾಗಕ್ಕೆ ಇದಕ್ಕಿಂತ ಬೆಲೆಬಾಳುವ ಕೋಷ್ಟಕ ಇನ್ನೊಂದಿಲ್ಲ. 2011ರಲ್ಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. ಪೇಟೆಯ ಖಾಲಿ ಮನೆಗೆ ಹಲವು ಕತೆಗಳಿವೆ: ಅಣ್ಣತಮ್ಮಂದಿರ ಪಾಲು ಮುಗಿದಿಲ್ಲ, ಮೆಟ್ಟಿಲು ಶಿಥಿಲವಾಗಿದೆ, ಮಕ್ಕಳು ಜಯನಗರಕ್ಕೋ ಅಮೆರಿಕಕ್ಕೋ ಹೋಗಿದ್ದಾರೆ. ಬೀಗ ಒಂದೇ ಥರ ಕಾಣುತ್ತದೆ, ತೆರೆಯುವ ಸಾಧ್ಯತೆ ಮನೆಯಿಂದ ಮನೆಗೆ ಬೇರೆ.

4. ಮಾಳಿಗೆಯ ಮೇಲೆ ಯಾರಿದ್ದಾರೆಂದು ಹತ್ತಿ ನೋಡಿ

ಬಳೇಪೇಟೆಯ ಒಂದು ಅಂಗಡಿಯಲ್ಲಿ ಸಮೀಕ್ಷೆಯ ಹಾಳೆ ಹಿಡಿದು ಕೇಳಿದೆ, "ಮೇಲ್ಗಡೆ ಯಾರು ಇರ‍್ತಾರೆ ಯಜಮಾನ್ರೇ?"

"ನಮ್ಮಪ್ಪನ ಕಾಲಕ್ಕೆ ನಾವೇ ಇದ್ವಿ ಸಾರ್. ಹನ್ನೆರಡು ಜನ. ಈಗ ಮೇಲೆ ಮಾಲು, ನಾವು ರಾಜಾಜಿನಗರದಲ್ಲಿ."

ಪೇಟೆಯ ಅರ್ಧ ಶತಮಾನದ ಚರಿತ್ರೆ ಆ ಮಾತಿನಲ್ಲಿದೆ. ಕೆಳಗೆ ಅಂಗಡಿ, ಮೇಲೆ ಸಂಸಾರ ಎಂಬ ಹಳೇ ಪದ್ಧತಿ ಚಿಕ್ಕಪೇಟೆ, ಮಾಮೂಲ್‌ಪೇಟೆ, ಅವೆನ್ಯೂ ರಸ್ತೆಗಳಲ್ಲಿ ಕರಗುತ್ತಾ ಬಂದಿದೆ. ಒಂದು ಚದರಡಿಗೆ ಸಂಸಾರ ಕೊಡಬಲ್ಲ ಬಾಡಿಗೆಗಿಂತ ಸರಕು ಕೊಡುವ ಬಾಡಿಗೆ ಹೆಚ್ಚು. ಗೋದಾಮಿಗೆ ನೀರು ಬೇಡ, ಕಿಟಕಿ ಬೇಡ, ಶೌಚಾಲಯ ಬೇಡ. ಈ ಅಂತರ ಇರುವವರೆಗೆ ಸಂಸಾರಗಳು ಹೊರಡುತ್ತಲೇ ಇರುತ್ತವೆ. ಆದ್ದರಿಂದ ವಾಸದ ಬಾಡಿಗೆ ಮತ್ತು ಗೋದಾಮಿನ ಬಾಡಿಗೆ ಎರಡನ್ನೂ ಬೀದಿವಾರು ಬರೆದಿಟ್ಟುಕೊಳ್ಳಿ. ಯಾವ ಬೀದಿಯಿಂದ ಮುಂದೆ ಜನ ಹೋಗುತ್ತಾರೆಂದು ಅದು ಹೇಳುತ್ತದೆ.

ಕಾಗದದಲ್ಲಿ ಇದು ಬೇಗ ಕಾಣುವುದಿಲ್ಲ. 2008ರಲ್ಲಿ ಬಂದ ಘಟಕ ವಿಸ್ತೀರ್ಣ ಪದ್ಧತಿಯ ಆಸ್ತಿ ತೆರಿಗೆಯಲ್ಲಿ ಕಟ್ಟಡದ ವಿಸ್ತೀರ್ಣ ಮತ್ತು ಬಳಕೆಯನ್ನು ಮಾಲೀಕರೇ ಘೋಷಿಸಬೇಕು. ವಾಸಕ್ಕೆ ತೆರಿಗೆ ಕಡಿಮೆ, ವಾಣಿಜ್ಯಕ್ಕೆ ಹೆಚ್ಚು. ಹಾಗಾಗಿ ವಾಸವೆಂದು ಬರೆದ ಮಾಳಿಗೆಯಲ್ಲಿ ಸೀರೆಯ ಮೂಟೆಗಳು ಸಿಗಬಹುದು. ಬೆಸ್ಕಾಂನ ವಿದ್ಯುತ್ ಮೀಟರು ಗೃಹಬಳಕೆಯದೋ ವಾಣಿಜ್ಯದ್ದೋ, ತಿಂಗಳಿಗೆ ಎಷ್ಟು ಯೂನಿಟ್ಟು ಎಂದು ಜೊತೆಗಿಟ್ಟು ನೋಡಿದರೆ ಚಿತ್ರ ತಿಳಿಯಾಗುತ್ತದೆ. ಅನುಮಾನ ಉಳಿದ ಕಡೆ ಮೆಟ್ಟಿಲು ಹತ್ತಲೇಬೇಕು.

5. ಹುಟ್ಟು ಸಾವಿಗಿಂತ ಬರುವವರು ಹೋಗುವವರು ಮುಖ್ಯ

ರಾಜ್ಯ ಮಟ್ಟದ ಮುನ್ನಂದಾಜಿನಲ್ಲಿ ಜನನ, ಮರಣ, ವಲಸೆ ಮೂರನ್ನೂ ವಯಸ್ಸಿನ ಗುಂಪುವಾರು ಮುಂದಕ್ಕೆ ನಡೆಸುತ್ತಾರೆ. ಅದು ಒಳ್ಳೆಯ ವಿಧಾನ, ದೊಡ್ಡ ಜನಸಂಖ್ಯೆಗೆ ಸರಿಹೊಂದುತ್ತದೆ. ಆದರೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ಸರಿಸಮನಾಗಿ ತುಂಬಲು ಬೇಕಾದ 2.1ಕ್ಕಿಂತ ಇದು ಕಡಿಮೆ. ನಡುಭಾಗದಲ್ಲಿ ಹುಟ್ಟಿನಿಂದ ಜನ ಹೆಚ್ಚುವ ಕಾಲ ಮುಗಿಯುತ್ತಾ ಬಂದಿದೆ. ಇನ್ನು ಅಲ್ಲಿ ಜನ ಹೆಚ್ಚಿದರೆ ಮುಖ್ಯವಾಗಿ ಹೊರಗಿನಿಂದ ಬಂದೇ ಹೆಚ್ಚಬೇಕು.

ಬರುವವರು ಯಾರು? ಪಿ.ಜಿ.ಗಳಲ್ಲಿರುವ ಇಪ್ಪತ್ತರ ಹರೆಯದವರು, ಹೋಟೆಲು ಕೆಲಸದವರು, ಚಿನ್ನದ ಕುಸುರಿ ಕೆಲಸಕ್ಕೆ ಬಂಗಾಳದಿಂದ ಬಂದು ನಗರ್ತಪೇಟೆಯ ಸುತ್ತ ಕೆಲಸದ ಕೋಣೆಯಲ್ಲೇ ಮಲಗುವ ಕುಶಲಕರ್ಮಿಗಳು. ಹೋಗುವವರು ಯಾರು? ಶಾಲೆಗೆ ಹೋಗುವ ಮಕ್ಕಳಿರುವ ಸಂಸಾರಗಳು. ಒಂದು ಸಂಸಾರ ಹೋಗಿ ನಾಲ್ವರು ಒಂಟಿ ದುಡಿಮೆಗಾರರು ಬಂದರೆ ಒಟ್ಟು ಸಂಖ್ಯೆ ಬದಲಾಗುವುದಿಲ್ಲ. ಅಗತ್ಯಗಳು ಮಾತ್ರ ಪೂರ್ತಿ ಬದಲಾಗುತ್ತವೆ: ಅಂಗನವಾಡಿ ಬರಿದಾಗುತ್ತದೆ, ಕೈಗೆಟಕುವ ಊಟದ ಹೋಟೆಲು, ರಾತ್ರಿ ಬಸ್ಸು, ಬಟ್ಟೆ ಒಗೆಯುವ ಜಾಗ ಬೇಕಾಗುತ್ತವೆ. ಆದ್ದರಿಂದ ಒಟ್ಟು ಜನಸಂಖ್ಯೆಯ ಜೊತೆಗೆ ವಯಸ್ಸು ಮತ್ತು ಮನೆಯ ಬಗೆಯನ್ನೂ ಮುನ್ನಂದಾಜಿನಲ್ಲಿ ಬರೆಯದಿದ್ದರೆ ಅದು ಅರ್ಧ ಕೆಲಸ.

6. ಉದ್ಯೋಗವನ್ನು ಕೆಲಸದ ಜಾಗದಲ್ಲೇ ಎಣಿಸಿ

ಜನ, ಮನೆ, ಕೆಲಸ ಈ ಮೂರರಲ್ಲಿ ಅತಿ ಕಷ್ಟದ್ದು ಕೆಲಸದ ಲೆಕ್ಕ. ಜನಗಣತಿ ದುಡಿಯುವವರನ್ನು ಅವರ ಮನೆಯಲ್ಲಿ ಎಣಿಸುತ್ತದೆ, ದುಡಿಯುವ ಜಾಗದಲ್ಲಿ ಎಣಿಸುವುದಿಲ್ಲ. 2011ರಲ್ಲಿ ಕೆಲಸಕ್ಕೆ ಎಷ್ಟು ದೂರ, ಯಾವುದರಲ್ಲಿ ಹೋಗುತ್ತೀರಿ ಎಂದು ಕೇಳಿದರು. ಎಲ್ಲಿಗೆ ಎಂಬುದು ಸಿಗಲಿಲ್ಲ. ಕೆಂಗೇರಿಯಿಂದ ಬಂದು ಎಸ್.ಪಿ. ರಸ್ತೆಯಲ್ಲಿ ದುಡಿಯುವವರು ಕೆಂಗೇರಿಯ ಲೆಕ್ಕದಲ್ಲಿರುತ್ತಾರೆ.

ಅಂಗಡಿ, ಕಾರ್ಖಾನೆಗಳನ್ನು ನಿಂತಲ್ಲೇ ಎಣಿಸುವುದು ಆರ್ಥಿಕ ಗಣತಿ. ಮೊದಲನೆಯದು 1977ರಲ್ಲಿ, ಆರನೆಯದು 2013-14ರಲ್ಲಿ ನಡೆಯಿತು. 2019ರಲ್ಲಿ ಆರಂಭವಾದ ಏಳನೆಯದರ ಅಂಕಿಗಳು ಹೊರಬರಲಿಲ್ಲ. ಆರನೆಯದನ್ನು ಬಳಸುವಾಗ ಒಂದು ಎಚ್ಚರ: ಸರ್ಕಾರಿ ಆಡಳಿತ ಮತ್ತು ರಕ್ಷಣಾ ಕ್ಷೇತ್ರ ಅದರಲ್ಲಿ ಸೇರಿಲ್ಲ. ವಿಧಾನಸೌಧ, ಬಹುಮಹಡಿ ಕಟ್ಟಡ, ಕಾವೇರಿ ಭವನ, ಹೈಕೋರ್ಟ್ ಇರುವ ಪ್ರದೇಶದಲ್ಲಿ ಸರ್ಕಾರಿ ನೌಕರರನ್ನು ಬಿಟ್ಟರೆ ಲೆಕ್ಕದಲ್ಲಿ ಏನು ಉಳಿಯುತ್ತದೆ? ಅವರ ಸಂಖ್ಯೆಯನ್ನು ಇಲಾಖೆಗಳ ವೇತನ ಪಟ್ಟಿಯಿಂದ ಪ್ರತ್ಯೇಕವಾಗಿ ತರಬೇಕು.

ಉಳಿದ ದಾಖಲೆಗಳಿಗೂ ಒಂದೊಂದು ಮಿತಿ ಇದೆ. ಭವಿಷ್ಯನಿಧಿ ಸಾಮಾನ್ಯವಾಗಿ 20 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ. ಪೇಟೆಯ ಬಹುತೇಕ ಅಂಗಡಿಗಳಲ್ಲಿ ಅಷ್ಟು ಜನರಿಲ್ಲ. ವೃತ್ತಿ ತೆರಿಗೆಯ ಮಿತಿ 2023ರಿಂದ ತಿಂಗಳಿಗೆ 25,000 ರೂಪಾಯಿ. ಕಡಿಮೆ ಸಂಬಳದವರು ಅದರಲ್ಲಿ ಕಾಣರು. ದೊಡ್ಡ ಕಂಪನಿಗಳು ಎಲ್ಲ ನೌಕರರನ್ನೂ ಎಂ.ಜಿ. ರಸ್ತೆಯ ನೋಂದಾಯಿತ ವಿಳಾಸದಲ್ಲಿ ತೋರಿಸಿರಬಹುದು, ನೌಕರರು ಮಾತ್ರ ವೈಟ್‌ಫೀಲ್ಡಿನಲ್ಲಿರುತ್ತಾರೆ. ಒಂದೇ ಮೂಲವನ್ನು ನಂಬಬೇಡಿ. ಪ್ರತಿ ಮೂಲ ಯಾರನ್ನು ಬಿಡುತ್ತದೆ ಎಂದು ಪಕ್ಕದಲ್ಲೇ ಬರೆದಿಡಿ.

7. ಚದರಡಿಗೆ ಎಷ್ಟು ಕೆಲಸ ಎಂಬುದು ಬೀದಿಯಿಂದ ಬೀದಿಗೆ ಬೇರೆ

ಮುಂದಿನ ಉದ್ಯೋಗ ಅಂದಾಜಿಸಲು ಕಟ್ಟಡದ ವಿಸ್ತೀರ್ಣವನ್ನು ಒಬ್ಬರಿಗೆ ತಗಲುವ ಜಾಗದಿಂದ ಭಾಗಿಸುವುದು ರೂಢಿ. ಸಾಫ್ಟ್‌ವೇರ್ ಕಚೇರಿಗೆ ಒಂದು ಸೀಟಿಗೆ 80ರಿಂದ 100 ಚದರಡಿ ಹಿಡಿಯುವುದುಂಟು. ಈ ಅಳತೆಯನ್ನು ಹೊತ್ತುಕೊಂಡು ಪೇಟೆಗೆ ಬಂದರೆ ಎಲ್ಲವೂ ತಪ್ಪುತ್ತದೆ. ಎಸ್.ಪಿ. ರಸ್ತೆಯ ಕಿರಿದಾದ ಬಿಡಿಭಾಗಗಳ ಅಂಗಡಿಯಲ್ಲಿ ಮೂವರು ಒತ್ತಿ ನಿಂತಿರುತ್ತಾರೆ. ತರಗುಪೇಟೆಯ ಅಷ್ಟೇ ದೊಡ್ಡ ಗೋದಾಮಿನ ಮೂಲೆಯಲ್ಲಿ ಒಬ್ಬರೇ ಲೆಕ್ಕ ಬರೆಯುತ್ತಿರುತ್ತಾರೆ. ಅದೇ ಗೋದಾಮಿಗೆ ಬೆಳಗಿನ ಜಾವ ಲಾರಿ ಬಂದಾಗ ಹತ್ತು ಹಮಾಲರಿಗೆ ಕೂಲಿ. ಹಗಲು ಹನ್ನೊಂದಕ್ಕೆ ಹೋದ ಸಮೀಕ್ಷಕರಿಗೆ ಆ ಹತ್ತು ಮಂದಿ ಸಿಗುವುದೇ ಇಲ್ಲ.

ಆದ್ದರಿಂದ ಪ್ರತಿ ಬಗೆಯ ಬೀದಿಯಿಂದ ಕೆಲವು ಕಟ್ಟಡಗಳನ್ನು ಆರಿಸಿ, ದಿನದ ಬೇರೆ ಬೇರೆ ಹೊತ್ತಿನಲ್ಲಿ ಎಣಿಸಿ. ಸಗಟು, ಚಿಲ್ಲರೆ, ಕಚೇರಿ, ಗೋದಾಮು, ಹೋಟೆಲು, ಆಸ್ಪತ್ರೆ, ಪ್ರತಿಯೊಂದಕ್ಕೂ ಬೇರೆ ಅಳತೆ ಇಟ್ಟುಕೊಳ್ಳಿ. ಕಚೇರಿಗಳಲ್ಲಿ ಈಗ ಇನ್ನೊಂದು ಪ್ರಶ್ನೆ ಸೇರಿದೆ. 10,000 ಸೀಟಿನ ಕಟ್ಟಡಕ್ಕೆ ದಿನಕ್ಕೆ ಶೇಕಡ 60 ಮಂದಿ ಮಾತ್ರ ಬರುವುದಾದರೆ ಬೀದಿಗೆ ಇಳಿಯುವವರು 6,000. ಕಾಫಿ ಅಂಗಡಿಯವರ ಬದುಕು, ಆಟೋದವರ ಬದುಕು ಈ ಎರಡನೆಯ ಅಂಕಿಯ ಮೇಲಿದೆ.

8. ನಿಯಮ ಕೊಡುವ ಎತ್ತರವನ್ನೆಲ್ಲ ಊರು ಕಟ್ಟುವುದಿಲ್ಲ

ಇಷ್ಟು ನೆಲ, ಇಷ್ಟು ಎಫ್‌ಎಆರ್ (ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ), ಆದ್ದರಿಂದ ಇಷ್ಟು ಲಕ್ಷ ಚದರಡಿ ಬರುತ್ತದೆ ಎಂದು ಗುಣಿಸುವುದು ಸುಲಭ. ಆದರೆ ನಮ್ಮಲ್ಲಿ ಎಫ್‌ಎಆರ್ ರಸ್ತೆಯ ಅಗಲಕ್ಕೆ, ಸೈಟಿನ ಅಳತೆಗೆ ಕಟ್ಟುಬಿದ್ದಿದೆ. ಪೇಟೆಯ ಓಣಿಗೆ ಆ ಅಗಲವಿಲ್ಲ. ಸೈಟುಗಳು ತಲೆಮಾರಿನಿಂದ ತಲೆಮಾರಿಗೆ ಪಾಲಾಗಿ ಪಟ್ಟಿಯಂತೆ ಉದ್ದುದ್ದ ಸೀಳಿವೆ. ಒಂದು ಗೋಡೆ ಇಬ್ಬರಿಗೆ ಸೇರಿದ್ದು, ಒಂದು ಖಾತೆಯಲ್ಲಿ ಏಳು ಹೆಸರು, ಹಳೇ ಬಾಡಿಗೆದಾರರು ಬಿಡರು. ಸೆಟ್‌ಬ್ಯಾಕ್ ಬಿಟ್ಟು ವಾಹನ ನಿಲುಗಡೆಗೂ ಜಾಗ ಕೊಟ್ಟರೆ ಕಟ್ಟಲು ಉಳಿಯುವುದು ಅತ್ಯಲ್ಪ.

ನಡುಭಾಗದ ದೊಡ್ಡ ಬದಲಾವಣೆ ಬಂದದ್ದು ದೊಡ್ಡ ಜಮೀನುಗಳಿಂದ. ಬಿನ್ನಿ ಮಿಲ್ಲಿನ ನೆಲದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ರಾಜಾ ಮಿಲ್ಲಿನ ಜಾಗದಲ್ಲಿ ಮಾಲ್ ಬಂತು. ವಿಠ್ಠಲ ಮಲ್ಯ ರಸ್ತೆಯ ಹಳೇ ಬ್ರೂವರಿಯ ಜಾಗ ಯು.ಬಿ. ಸಿಟಿಯಾಯಿತು. ಕೇಂದ್ರ ಕಾರಾಗೃಹ ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಹಳೆಯ ಜೈಲು ಫ್ರೀಡಂ ಪಾರ್ಕ್ ಆಗಿ, ಅಲ್ಲಿ ಮನೆಯೂ ಬರಲಿಲ್ಲ, ಕಚೇರಿಯೂ ಬರಲಿಲ್ಲ. ಒಂದೊಂದು ನಿರ್ಧಾರವೂ ಒಂದಿಡೀ ವಾರ್ಡಿನ ಅಂಕಿಯನ್ನು ತಿರುಗಿಸಬಲ್ಲದು. ಇಂಥ ಜಮೀನುಗಳನ್ನು ಸರಾಸರಿಯೊಳಗೆ ಕಲಸಬೇಡಿ. ಮಾಲೀಕರು ಯಾರು, ವ್ಯಾಜ್ಯ ಇದೆಯೇ, ನಕ್ಷೆ ಮಂಜೂರಾಗಿದೆಯೇ, ವಾಸಯೋಗ್ಯ ಪತ್ರ ಸಿಕ್ಕಿದೆಯೇ ಎಂದು ಪ್ರತ್ಯೇಕ ಪಟ್ಟಿ ಇಡಿ. ಮಂಜೂರಾದದ್ದೆಲ್ಲ ಕಟ್ಟಡವಾಗುವುದಿಲ್ಲ, ಕಟ್ಟಿದ್ದಕ್ಕೆಲ್ಲ ಜನ ತಕ್ಷಣ ಬರುವುದಿಲ್ಲ.

9. ಮೆಟ್ರೊ ಎರಡೂ ಕಡೆಗೆ ಓಡುತ್ತದೆ

ನಮ್ಮ ಮೆಟ್ರೊ 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿತು. 2017ರ ಜೂನಿನಲ್ಲಿ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ ನಿಲ್ದಾಣಗಳು ತೆರೆದವು. ನಿಲ್ದಾಣ ಬಂತು, ಸುತ್ತ ಜನ ಹೆಚ್ಚುತ್ತಾರೆ ಎಂದು ಎಷ್ಟೋ ವರದಿಗಳು ಬರೆಯುತ್ತವೆ. ಆದರೆ ಪೇಟೆಗೆ ಬೇಗ ಬರಲು ಸಾಧ್ಯವಾದ ಮೇಲೆ ಪೇಟೆಯಲ್ಲೇ ವಾಸವಿರಬೇಕಾದ ಒಂದು ಕಾರಣ ಕಳಚುತ್ತದೆ. ನಾಗಸಂದ್ರದಲ್ಲಿ ಮನೆ ಮಾಡಿ ಚಿಕ್ಕಪೇಟೆಯಲ್ಲಿ ಅಂಗಡಿ ನಡೆಸಬಹುದು. ಗಿರಾಕಿ ಹೆಚ್ಚಬಹುದು, ಅಂಗಡಿ ಬಾಡಿಗೆ ಏರಬಹುದು, ಆ ಏರಿಕೆಗೆ ಮಾಳಿಗೆಯ ಸಂಸಾರ ಜಾಗ ಬಿಡಬಹುದು. ನಿಲ್ದಾಣದ ಬಳಿ ವಾಸ ಹೆಚ್ಚಬೇಕೆಂದರೆ ಅಲ್ಲಿನ ಸರ್ಕಾರಿ ಜಮೀನಿನಲ್ಲಿ ಕಡಿಮೆ ಬಾಡಿಗೆಯ ಮನೆ ಕಟ್ಟುವ ನಿರ್ಧಾರ ಬೇಕು. ಆ ನಿರ್ಧಾರ ಕೈಗೊಂಡಿದ್ದರೆ ಮಾತ್ರ ಅಂಕಿಗೆ ಸೇರಿಸಿ.

10. ಒಂದು ಅಂಕಿ ಕೊಡಬೇಡಿ, ಒಂದು ಹರವು ಕೊಡಿ

ಬೆಂಗಳೂರಿನ ಇತಿಹಾಸವನ್ನು ಗೆರೆಯಾಗಿ ಎಳೆದರೆ ಅದು ಪದೇ ಪದೇ ಮುರಿಯುತ್ತದೆ. 1891ರಲ್ಲಿ ಪೇಟೆ, ದಂಡು ಸೇರಿ 1.8 ಲಕ್ಷ ಜನ. 1898ರ ಪ್ಲೇಗು ಬಂದು 1901ರಲ್ಲಿ 1.59 ಲಕ್ಷ. ಪೇಟೆ ಬಿಟ್ಟವರಲ್ಲಿ ಅನೇಕರು ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೆಲೆ ನಿಂತರು. 1941ರಿಂದ 1951ರೊಳಗೆ ನಗರ ಸುಮಾರು 4 ಲಕ್ಷದಿಂದ 7.8 ಲಕ್ಷಕ್ಕೆ ಹಾರಿತು. 1971ರಲ್ಲಿ 16.5 ಲಕ್ಷವಿದ್ದದ್ದು 1981ರಲ್ಲಿ 29.2 ಲಕ್ಷವಾಯಿತು. 2020ರಲ್ಲಿ ಕೊರೊನಾ ಬಂದು ಕಚೇರಿಗಳೂ ಪಿ.ಜಿ.ಗಳೂ ಬರಿದಾದವು.

ಈಚಿನ ಯೋಜನೆಗಳೂ ಇದನ್ನೇ ಹೇಳುತ್ತವೆ. 2007ರಲ್ಲಿ ಅನುಮೋದನೆಯಾದ ಪರಿಷ್ಕೃತ ಮಹಾಯೋಜನೆ 2015ಕ್ಕೆ ಸುಮಾರು 88 ಲಕ್ಷ ಜನರನ್ನು ಲೆಕ್ಕ ಹಾಕಿತ್ತು. 2011ರಲ್ಲೇ ಬಿಬಿಎಂಪಿ ವ್ಯಾಪ್ತಿಯೊಂದರಲ್ಲೇ 84.4 ಲಕ್ಷ ಜನರಿದ್ದರು. 2017ರ ಕರಡು 2031ಕ್ಕೆ 2 ಕೋಟಿ ದಾಟಿದ ಅಂಕಿ ಕೊಟ್ಟಿತು. ಆ ಕರಡನ್ನು ಮುಂದೆ ಹಿಂತೆಗೆದುಕೊಂಡರು. ಇದರಲ್ಲಿ ಯಾರ ಜಾಣ್ಮೆಯ ಕೊರತೆಯೂ ಇಲ್ಲ. ದೂರದ ವರ್ಷಕ್ಕೆ ಒಂದೇ ಅಂಕಿ ಹೇಳಲು ಯಾರಿಗೂ ಸಾಧ್ಯವಿಲ್ಲ.

ಆದ್ದರಿಂದ ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ಹಾದಿ ಬರೆಯುತ್ತೇನೆ. ಮಧ್ಯದ್ದಕ್ಕೆ ಎರಡೂ ಬದಿ ಶೇಕಡ 10 ಸೇರಿಸಿ ಕಳೆದರೆ ಹಾದಿಯಾಗದು. ಪ್ರತಿ ಹಾದಿಗೂ ಕಾರಣ ಬೇಕು: ಗೋದಾಮುಗಳು ಊರ ಹೊರಗೆ ಹೋಗಿ ಮಾಳಿಗೆಗಳು ಮತ್ತೆ ಮನೆಯಾದರೆ ಇಷ್ಟು, ಸರ್ಕಾರಿ ಕಚೇರಿಗಳು ಸ್ಥಳಾಂತರವಾದರೆ ಇಷ್ಟು, ಈಗಿನಂತೆಯೇ ನಡೆದರೆ ಇಷ್ಟು. ಯಾವ ಹಾದಿಯಲ್ಲಿದ್ದೇವೆಂದು ತಿಳಿಯಲು ಏನನ್ನು ಗಮನಿಸಬೇಕೆಂದೂ ಬರೆಯಬೇಕು.

11. ಮೂರು ಲೆಕ್ಕಗಳೂ ಒಂದಕ್ಕೊಂದು ಒಪ್ಪಬೇಕು. ಹಗಲೂ ರಾತ್ರಿಯೂ ಸೇರಬೇಕು

ಜನ, ಮನೆ, ಕೆಲಸ ಮೂರನ್ನೂ ಬೇರೆ ಬೇರೆ ತಂಡಗಳು ಮಾಡಿದಾಗ ಒಂದು ವರದಿಯಲ್ಲೇ ಮನೆಗಳಿಗಿಂತ ಸಂಸಾರಗಳು ಹೆಚ್ಚಾಗಿರುವುದುಂಟು. ಸಂಸಾರಗಳಿಗೆ ಮನೆ ಸಾಲಬೇಕು. ಉದ್ಯೋಗಕ್ಕೆ ಬೇಕಾದವರಲ್ಲಿ ಅಲ್ಲೇ ವಾಸವಿರುವವರೆಷ್ಟು, ಹೊರಗಿನಿಂದ ಬರುವವರೆಷ್ಟು ಎಂದು ತಾಳೆಯಾಗಬೇಕು. ಹೊರಗಿನಿಂದ ಬರುವವರನ್ನು ಬಸ್ಸು, ಮೆಟ್ರೊ ಹೊರಬಲ್ಲವೇ ಎಂದು ನೋಡಬೇಕು. ನಡುಭಾಗಕ್ಕೆ ಕೊಟ್ಟ ಪಾಲನ್ನು ಉಳಿದ ಭಾಗಗಳ ಪಾಲಿನ ಜೊತೆ ಕೂಡಿದರೆ ನಗರದ ಒಟ್ಟು ಮೀರಬಾರದು.

ಇನ್ನೊಂದು ತಾಳೆ ಹಗಲು ರಾತ್ರಿಯದು. ವಾಸವಿರುವವರಿಗೆ ದಿನಕ್ಕೆ ತಲಾ 135 ಲೀಟರು ನೀರು ಎಂದು ಲೆಕ್ಕ ಹಾಕುತ್ತೇವೆ, ಕಚೇರಿಗೆ ಬಂದು ಹೋಗುವವರಿಗೆ 45 ಲೀಟರು. ಒಂದು ಲಕ್ಷ ಮಂದಿ ದುಡಿಯಲು ಬಂದರೆ 45 ಲಕ್ಷ ಲೀಟರು. ಅಂದರೆ 33,000 ನಿವಾಸಿಗಳಿಗೆ ಸಾಕಾಗುವಷ್ಟು ನೀರು. ವಾಸದ ಜನಸಂಖ್ಯೆ ಕುಗ್ಗಿತೆಂದು ಕೊಳವೆ ಕಿರಿದು ಮಾಡಿದರೆ, ಹಗಲು ತುಂಬುವ ಪೇಟೆಯಲ್ಲಿ ಒಂದು ಶೌಚಾಲಯವೂ ಸರಿಯಾಗಿ ನಡೆಯದು. ಅದರ ಕಷ್ಟ ಹೆಚ್ಚು ತಟ್ಟುವುದು ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿಯುವ ಹೆಣ್ಣುಮಕ್ಕಳಿಗೆ.

12. ಎಣಿಕೆಗೆ ಸಿಗದವರ ಹೆಸರಿನಲ್ಲಿ ಒಂದು ಸಾಲು ಇಡಿ, ಲೆಕ್ಕವನ್ನು ತೆರೆದಿಡಿ

ಕೆ.ಆರ್. ಮಾರುಕಟ್ಟೆಯ ಹೂವಿನವರು, ಹಮಾಲರು, ಪೌರಕಾರ್ಮಿಕರು, ಕೆಲಸದ ಕೋಣೆಯಲ್ಲಿ ಮಲಗುವವರು, ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ರಾತ್ರಿ ಕಳೆಯುವವರು ಮೇಲಿನ ಯಾವ ದಾಖಲೆಯಲ್ಲೂ ಪೂರ್ತಿಯಾಗಿ ಸಿಗುವುದಿಲ್ಲ. ದಾಖಲೆಯಲ್ಲಿ ಇಲ್ಲದವರನ್ನು ಮುನ್ನಂದಾಜು ಮುಂದಿನ ಇಪ್ಪತ್ತು ವರ್ಷಕ್ಕೂ ಇಲ್ಲವಾಗಿಸುತ್ತದೆ; ನಕ್ಷೆ ಬರೆಯುವಾಗ ಅವರಿಗೆ ಜಾಗ ಬಿಡುವವರೇ ಇರುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಕನಿಷ್ಠ ಐದು ವರ್ಷಕ್ಕೊಮ್ಮೆ ಸಮೀಕ್ಷೆ ಆಗಬೇಕೆನ್ನುತ್ತದೆ. ಆ ಸಮೀಕ್ಷೆಯನ್ನು ಉದ್ಯೋಗದ ಲೆಕ್ಕಕ್ಕೆ ಸೇರಿಸಿ. ಅದಿಲ್ಲದ ಕಡೆ ಅವರ ಸಂಘಗಳ ಜೊತೆ ಕೂತು ಅಂದಾಜಿಸಿ, ಅಂದಾಜು ಎಂದೇ ಬರೆಯಿರಿ. ಆ ಸಾಲನ್ನು ಸೊನ್ನೆಯಾಗಿ ಬಿಡುವುದಕ್ಕಿಂತ ದೊಡ್ಡ ತಪ್ಪು ಈ ವೃತ್ತಿಯಲ್ಲಿ ಇಲ್ಲ.

ಕೊನೆಯದಾಗಿ, ಪ್ರತಿ ಊಹೆಯನ್ನೂ ಕನ್ನಡದಲ್ಲಿ ಬರೆದು ಎಲ್ಲರಿಗೂ ಸಿಗುವಂತೆ ಇಡಿ. ಮನೆಗೆ 3.4 ಮಂದಿ ಎಂದು ಏಕೆ ಹಿಡಿದಿರಿ, ಗೋದಾಮು ಹೆಚ್ಚುತ್ತದೆಂದು ಏಕೆ ನಂಬಿದಿರಿ ಎಂದು ಕಾಟನ್‌ಪೇಟೆಯ ನಿವಾಸಿಯೊಬ್ಬರು ಕೇಳಿದರೆ ಉತ್ತರ ಹಾಳೆಯಲ್ಲೇ ಇರಬೇಕು. ವರ್ಷಕ್ಕೊಮ್ಮೆ ಮೀಟರು, ಆಸ್ತಿ ತೆರಿಗೆ, ವಾಸಯೋಗ್ಯ ಪತ್ರ, ಶಾಲಾ ದಾಖಲಾತಿಗಳ ಜೊತೆ ತಾಳೆ ನೋಡಿ, ಬೇಕಾದಲ್ಲಿ ತಿದ್ದಿ.

2011ರ ನಂತರ ನಮ್ಮ ಕೈಯಲ್ಲಿ ಹೊಸ ಜನಗಣತಿಯ ಅಂಕಿಗಳಿಲ್ಲ. 2026ರಲ್ಲಿ ಮನೆಪಟ್ಟಿ, 2027ರ ಫೆಬ್ರುವರಿಯಲ್ಲಿ ಜನರ ಎಣಿಕೆ ಎಂದು ನಿಗದಿಯಾಗಿದೆ. ಆ ಅಂಕಿಗಳು ಬರುವ ಮೊದಲೇ ನಡುಭಾಗದ ಗಡಿ ನಿಲ್ಲಿಸಿಕೊಳ್ಳಿ, 2011ರ ಅಂಕಿಗಳನ್ನು ಅದಕ್ಕೆ ಹೊಂದಿಸಿಕೊಳ್ಳಿ, ಬೀದಿವಾರು ಬಾಡಿಗೆ ಮತ್ತು ಉದ್ಯೋಗದ ಸಮೀಕ್ಷೆ ಮುಗಿಸಿಕೊಳ್ಳಿ. ಹೊಸ ಅಂಕಿ ಕೈಗೆ ಬಂದ ದಿನವೇ ಪೇಟೆಯಲ್ಲಿ ಹದಿನಾರು ವರ್ಷದಲ್ಲಿ ಏನಾಯಿತೆಂದು ಹೇಳಬಲ್ಲಿರಿ. ಮುಂದಿನ ಮಹಾಯೋಜನೆ ಬರೆಯುವವರು ಮೊದಲು ಕೇಳುವ ಪ್ರಶ್ನೆ ಅದೇ. ಅವರಿಗೆ ಸರಿಯಾದ ಉತ್ತರ ಕೊಡುವುದು ಪೇಟೆಯಲ್ಲಿ ಬಾಳುವವರಿಗೂ ದುಡಿಯುವವರಿಗೂ ನಾವು ಸಲ್ಲಿಸಬೇಕಾದ ಸಾಲ.